ಪ್ಲೇಟು ಒಣಗಿದ್ದರೆ ಸಾಲದು: ಅಫ್ಲಾಟಾಕ್ಸಿನ್ ಪರೀಕ್ಷೆಯ ಒಂದು ಟಿಎಲ್‌ಸಿ ಪ್ರಕರಣ

ಒಂದು ಲ್ಯಾಬಿನಲ್ಲಿ ಶೇಂಗಾ ಮಾದರಿಗಳಲ್ಲಿರುವ ಅಫ್ಲಾಟಾಕ್ಸಿನ್ ಎಂಬ ಬೂಷ್ಟಿನ ವಿಷವನ್ನು ಟಿಎಲ್‌ಸಿಯಿಂದ (ತೆಳುಪದರ ಕ್ರೊಮ್ಯಾಟೋಗ್ರಫಿ) ಅಳೆಯುತ್ತಿದ್ದರು. ಇದರಲ್ಲಿ ಪ್ಲೇಟಿನ ಮೇಲೆ ಹನಿ ಇಟ್ಟು ಅದರ ತುದಿಯನ್ನು ದ್ರಾವಕದಲ್ಲಿ ನಿಲ್ಲಿಸಿದರೆ, ದ್ರಾವಕ ಮೇಲೇರುತ್ತಾ ಬೇರೆ ಬೇರೆ ವಸ್ತುಗಳನ್ನು ಬೇರೆ ಬೇರೆ ಎತ್ತರಕ್ಕೆ ಒಯ್ಯುತ್ತದೆ. ಪ್ಲೇಟುಗಳನ್ನು ಕೊಂಡು ತರುತ್ತಿರಲಿಲ್ಲ. ಗಾಜಿನ ಮೇಲೆ ಸಿಲಿಕಾ ಜೆಲ್ ಎಳೆದು ತಾವೇ ಮಾಡಿಕೊಳ್ಳುತ್ತಿದ್ದರು. ಬಹಳ ಕಾಲ ಇದರಿಂದ ಏನೂ ತೊಂದರೆಯಾಗಿರಲಿಲ್ಲ. ಗಾಳಿಯಲ್ಲಿ ತೇವ ಜಾಸ್ತಿ ಇರುವ ದಿನಗಳು ಶುರುವಾದ ಮೇಲೆ ಫಲಿತಾಂಶಗಳು ಕೈತಪ್ಪತೊಡಗಿದವು. ಅದೇ ಸ್ಟ್ಯಾಂಡರ್ಡ್ (ಪ್ರಮಾಣ ಗೊತ್ತಿರುವ ಅಫ್ಲಾಟಾಕ್ಸಿನ್ ದ್ರಾವಣ), ಅದೇ ದ್ರಾವಕ, ಅದೇ ಟ್ಯಾಂಕ್. ಆದರೂ ಒಂದು ಪ್ಲೇಟಿನಲ್ಲಿ ಬಿ1 ಎಂಬ ಬಗೆಯ ಅಫ್ಲಾಟಾಕ್ಸಿನ್ ಸ್ಪಾಟ್ ನಡುಮಟ್ಟದಲ್ಲೇ ನಿಂತರೆ, ಮರುದಿನದ ಪ್ಲೇಟಿನಲ್ಲಿ ಇನ್ನೂ ಮೇಲಕ್ಕೆ ಹೋಗಿ ಇನ್ನೊಂದು ಬಗೆಯಾದ ಬಿ2 ಜೊತೆ ಅಂಟಿಕೊಂಡಿರುತ್ತಿತ್ತು. ಕೆಲವು ಪ್ಲೇಟುಗಳಲ್ಲಿ ಯುವಿ ದೀಪದ ಕೆಳಗೆ ಹಿನ್ನೆಲೆಯೇ ನೀಲಿಯಾಗಿ ಮಂಕಾಗಿ ಹೊಳೆಯುತ್ತಿತ್ತು. ಇನ್ನು ಕೆಲವು ಪ್ಲೇಟುಗಳ ಪುಡಿ ಬೆರಳು ತಾಗಿದರೆ ಸಾಕು, ಉದುರುತ್ತಿತ್ತು.

ಮೂರೂ ದೂರುಗಳು ಒಟ್ಟಿಗೆ ಬಂದಿದ್ದರಿಂದ ಎಲ್ಲರೂ ಒಂದೇ ಕಾರಣ ಹುಡುಕುತ್ತಿದ್ದರು. ನಿಜದಲ್ಲಿ ಕಾರಣಗಳು ಮೂರು. ಮೂರೂ ಪ್ಲೇಟು ತಯಾರಿಸುವ ಮೇಜಿನ ಹತ್ತಿರವೇ ಇದ್ದವು.

ಮೊದಲು ಪರೀಕ್ಷೆಯ ಬಗ್ಗೆ ಸ್ವಲ್ಪ ಹೇಳುತ್ತೇನೆ. ಅಫ್ಲಾಟಾಕ್ಸಿನ್ ಎನ್ನುವುದು ಆಸ್ಪರ್ಜಿಲಸ್ ಫ್ಲೇವಸ್ ಮತ್ತು ಅದರ ಹತ್ತಿರದ ಕೆಲವು ಬೂಷ್ಟುಗಳು ಉಂಟುಮಾಡುವ ವಿಷ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತಾಗ ಅದರ ಮೂಲ ಹುಡುಕುತ್ತಾ ಹೋದವರು ಬ್ರೆಜಿಲ್‌ನಿಂದ ಬಂದ ಶೇಂಗಾ ಹಿಂಡಿಗೆ ಬಂದು ಮುಟ್ಟಿದರು. ಅಫ್ಲಾಟಾಕ್ಸಿನ್‌ಗಳಲ್ಲಿ ಮುಖ್ಯವಾದವು ನಾಲ್ಕು: ಬಿ1, ಬಿ2, ಜಿ1, ಜಿ2. ಯುವಿ ದೀಪದ ಕೆಳಗೆ ಮೊದಲೆರಡು ನೀಲಿಯಾಗಿ ಹೊಳೆಯುತ್ತವೆ, ಉಳಿದೆರಡು ಹಸಿರಾಗಿ. ಸಿಲಿಕಾ ಪ್ಲೇಟಿನ ಮೇಲೆ ಕ್ಲೋರೋಫಾರ್ಮ್ ಮತ್ತು ಅಸಿಟೋನ್ 9:1 ಮಿಶ್ರಣದಲ್ಲಿ ಓಡಿಸಿದರೆ ಬಿ1 ಎಲ್ಲಕ್ಕಿಂತ ಮೇಲೆ ನಿಲ್ಲುತ್ತದೆ, ಅದರ ಕೆಳಗೆ ಬಿ2, ಆಮೇಲೆ ಜಿ1, ಕೊನೆಗೆ ಜಿ2. ಬಿ1 ಮತ್ತು ಬಿ2 ನಡುವೆ ಇರುವ ವ್ಯತ್ಯಾಸ ಒಂದೇ ಒಂದು ಜೋಡಿ ಬಂಧ. ಹಾಗಾಗಿ ಪ್ಲೇಟಿನ ಮೇಲೆ ಅವುಗಳ ನಡುವಿನ ಅಂತರ ಮೊದಲೇ ಕಡಿಮೆ. ಪ್ಲೇಟು ಸ್ವಲ್ಪ ಹದ ತಪ್ಪಿದರೂ ಮೊದಲು ಹೋಗುವುದು ಈ ಅಂತರವೇ.

ಅಳತೆ ನಡೆಯುವುದು ಕಣ್ಣಿನಿಂದ. ಮಾದರಿಯ ಸ್ಪಾಟ್ ಪಕ್ಕದಲ್ಲಿ ಸ್ಟ್ಯಾಂಡರ್ಡನ್ನು ಬೇರೆ ಬೇರೆ ಪ್ರಮಾಣದಲ್ಲಿ ಹಾಕಿ, ಯಾವುದರ ಹೊಳಪಿಗೆ ಮಾದರಿ ಹೊಂದುತ್ತದೆ ಎಂದು ನೋಡುತ್ತಾರೆ. ಒಂದು ಲೆಕ್ಕ ನೋಡಿ. ಸ್ಟ್ಯಾಂಡರ್ಡ್ ಒಂದು ಮಿಲಿಲೀಟರಿಗೆ 1 ಮೈಕ್ರೋಗ್ರಾಂ. ಮಾದರಿಯ ಸಾರ 500 ಮೈಕ್ರೋಲೀಟರ್, ಅದು 25 ಗ್ರಾಂ ಶೇಂಗಾದಿಂದ ಬಂದದ್ದು. ಆ ಸಾರದ 10 ಮೈಕ್ರೋಲೀಟರ್ ಸ್ಪಾಟ್ 5 ಮೈಕ್ರೋಲೀಟರ್ ಸ್ಟ್ಯಾಂಡರ್ಡ್‌ಗೆ ಹೊಂದಿದರೆ ಉತ್ತರ ಕಿಲೋಗೆ 10 ಮೈಕ್ರೋಗ್ರಾಂ. ಅದೇ ಸ್ಪಾಟ್ ಬಿ2 ಜೊತೆ ಬೆರೆತೋ, ಹಿನ್ನೆಲೆಯ ನೀಲಿ ಸೇರಿಯೋ ಹೆಚ್ಚು ಹೊಳೆದು 8 ಮೈಕ್ರೋಲೀಟರಿಗೆ ಹೊಂದಿದಂತೆ ಕಂಡರೆ ಉತ್ತರ 16 ಆಗುತ್ತದೆ. ಮುಂದೆ ಸಂಸ್ಕರಣೆಗೆ ಹೋಗುವ ಶೇಂಗಾಕ್ಕೆ ಅಂತರರಾಷ್ಟ್ರೀಯ ಆಹಾರ ಮಾನದಂಡ ಸಂಸ್ಥೆ ಕೋಡೆಕ್ಸ್ ಇಟ್ಟಿರುವ ಮಿತಿ, ನಾಲ್ಕೂ ಸೇರಿ, ಕಿಲೋಗೆ 15 ಮೈಕ್ರೋಗ್ರಾಂ. ಅಂದರೆ ಶೇಂಗಾದಲ್ಲಿ ಏನೂ ಬದಲಾಗದೆ, ಪ್ಲೇಟು ಕೆಟ್ಟದ್ದರಿಂದಲೇ ಇಡೀ ಲಾಟ್ ತಿರಸ್ಕೃತವಾಗಬಹುದು. ಇದರ ಉಲ್ಟಾ ಆದರೆ ಇನ್ನೂ ಕೆಟ್ಟದ್ದು: ಸ್ಟ್ಯಾಂಡರ್ಡ್ ಇರುವ ಜಾಗದಲ್ಲಿ ಹಿನ್ನೆಲೆ ನೀಲಿಯಾಗಿದ್ದು ಮಾದರಿ ಇರುವ ಕಡೆ ಇಲ್ಲದಿದ್ದರೆ, ವಿಷ ಇರುವ ಶೇಂಗಾವೂ ಪಾಸಾಗುತ್ತದೆ. ಈ ಕೆಲಸವನ್ನು ನಾನು ಇಷ್ಟು ಗಂಭೀರವಾಗಿ ನೋಡುವುದು ಇದಕ್ಕೇ.

ಸಂಶಯ ಮೊದಲು ಹೋದದ್ದು ದ್ರಾವಕದ ಮೇಲೆ

ಇದು ತಪ್ಪೇನಲ್ಲ. ಕ್ಲೋರೋಫಾರ್ಮ್ ಬಾಟಲಿಯಲ್ಲಿ ಬರೀ ಕ್ಲೋರೋಫಾರ್ಮ್ ಇರುವುದಿಲ್ಲ. ಅದು ಕೆಡದಂತೆ ಎಥನಾಲ್ ಅಥವಾ ಅಮೈಲೀನ್ ಸೇರಿಸಿರುತ್ತಾರೆ. ಎಥನಾಲ್ ಇರುವ ಬಾಟಲಿಯಿಂದ ಅಮೈಲೀನ್ ಬಾಟಲಿಗೆ ಹೋದರೆ ಅನುಪಾತ ಅದೇ ಇದ್ದರೂ ಸ್ಪಾಟ್ ಏರುವ ಎತ್ತರ ಬದಲಾಗುತ್ತದೆ. ಲ್ಯಾಬಿನವರು ಲೇಬಲ್ ನೋಡಿದರು. ಹಳೆಯ ಬಾಟಲಿ, ಹೊಸ ಬಾಟಲಿ ಎರಡರಲ್ಲೂ ಎಥನಾಲೇ ಇತ್ತು. ಅಸಿಟೋನ್ ಪ್ರಮಾಣ ಸ್ವಲ್ಪ ಇಳಿಸಿ ನೋಡಿದರು. ಒಂದು ದಿನ ಸರಿಹೋಯಿತು, ಮತ್ತೊಂದು ದಿನ ಸ್ಪಾಟುಗಳು ತೀರಾ ಕೆಳಗೆ ಉಳಿದವು. ಅಸಿಟೋನನ್ನು ಶೇಕಡಾ 5ರಿಂದ 15ರವರೆಗೆ ಹೊಂದಿಸಿಕೊಳ್ಳುವುದು ಈ ಪರೀಕ್ಷೆಯಲ್ಲಿ ರೂಢಿಯಲ್ಲೇ ಇದೆ, ಸಿಲಿಕಾದ ಬ್ಯಾಚ್ ಬದಲಾದಾಗ ಅದು ಬೇಕಾಗುತ್ತದೆ. ಆದರೆ ದಿನ ದಿನಕ್ಕೂ ಹೊಂದಿಸಬೇಕಾಗಿ ಬಂದರೆ ತೊಂದರೆ ಬೇರೆ ಕಡೆ ಇದೆ ಎಂದೇ ಅರ್ಥ.

ಎರಡನೇ ಸಂಶಯ ಓವನ್ ಮೇಲೆ. ಪ್ಲೇಟು ಸರಿಯಾಗಿ ಒಣಗುತ್ತಿಲ್ಲ, ಸಿಲಿಕಾದಲ್ಲಿ ನೀರು ಉಳಿದಿದೆ, ಅದಕ್ಕೇ ಸ್ಪಾಟ್ ಮೇಲೇರುತ್ತಿದೆ ಎಂದು ಅಂದುಕೊಂಡರು. ಅರ್ಧ ಸತ್ಯ ಇದರಲ್ಲಿದೆ. ಸಿಲಿಕಾದ ಮೈಮೇಲೆ ಸಿಲನಾಲ್ ಗುಂಪುಗಳಿರುತ್ತವೆ. ಅಫ್ಲಾಟಾಕ್ಸಿನನ್ನು ಹಿಡಿದು ನಿಲ್ಲಿಸುವುದು ಅವೇ. ನೀರು ಬಂದು ಆ ಜಾಗಗಳಲ್ಲಿ ಕೂತರೆ ಹಿಡಿತ ಸಡಿಲವಾಗುತ್ತದೆ, ಸ್ಪಾಟ್ ಮೇಲೆ ಹೋಗುತ್ತದೆ, ಎರಡು ಸ್ಪಾಟುಗಳ ನಡುವಿನ ಅಂತರ ಕುಗ್ಗುತ್ತದೆ. ಹಾಗಾಗಿ 110 ಡಿಗ್ರಿಯಲ್ಲಿ ಇಡುತ್ತಿದ್ದ ಪ್ಲೇಟುಗಳನ್ನು ಬಿಸಿ ಏರಿಸಿ, ರಾತ್ರಿಯಿಡೀ ಇಡತೊಡಗಿದರು. ಫಲಿತಾಂಶ ಸುಧಾರಿಸಲಿಲ್ಲ. ಮೊದಲಿಗಿಂತ ಹೆಚ್ಚು ಏರುಪೇರಾಯಿತು.

ಸುಳಿವು ಸ್ಪಾಟುಗಳ ಸಾಲಿನಲ್ಲೇ ಇತ್ತು

ನಾನು ಆ ಪ್ಲೇಟುಗಳ ಫೋಟೋಗಳನ್ನು ನೋಡಿದಾಗ ಮೊದಲು ಕಣ್ಣಿಗೆ ಬಿದ್ದದ್ದು ಎತ್ತರ ಅಲ್ಲ, ಸಾಲು. ಒಂದೇ ಪ್ಲೇಟಿನ ಬಿ1 ಸ್ಪಾಟುಗಳು ಅಡ್ಡಕ್ಕೆ ನೇರವಾಗಿ ನಿಲ್ಲಬೇಕು. ಇಲ್ಲಿ ಅವು ಬಿಲ್ಲಿನ ಹಾಗೆ ಬಾಗಿದ್ದವು. ನಡುವಿನ ಸ್ಪಾಟುಗಳು ಮೇಲೆ, ಅಂಚಿನವು ಕೆಳಗೆ.

ಆವಿ ತುಂಬಿಕೊಳ್ಳದ ಟ್ಯಾಂಕಿನಲ್ಲಿ ಸಾಲು ಬಾಗುವುದು ಹೊಸದಲ್ಲ. ಆದರೆ ಅಲ್ಲಿ ಅಂಚಿನ ಸ್ಪಾಟುಗಳು ಮೇಲೆ ಹೋಗುತ್ತವೆ. ಅಂಚಿನಲ್ಲಿ ದ್ರಾವಕ ಹೆಚ್ಚು ಆವಿಯಾಗುವುದರಿಂದ ಅಲ್ಲಿಗೆ ಹೆಚ್ಚು ದ್ರಾವಕ ಹರಿದು ಬರುತ್ತದೆ, ಅದು ಸ್ಪಾಟನ್ನೂ ಎಳೆದುಕೊಂಡು ಹೋಗುತ್ತದೆ. ಇಲ್ಲಿ ನೋಡಿದರೆ ಬಾಗು ಉಲ್ಟಾ. ಟ್ಯಾಂಕಿನ ದೋಷ ಆಗಿದ್ದರೆ ಹೀಗೆ ಬರಲು ಸಾಧ್ಯವಿಲ್ಲ. ನಡುವೆ ಮಾತ್ರ ಸಿಲಿಕಾ ಒದ್ದೆಯಾಗುವಂಥದ್ದು ಏನೋ ಆಗಬೇಕು.

ಸ್ಪಾಟ್ ಹಾಕುವುದನ್ನು ಪಕ್ಕದಲ್ಲಿ ನಿಂತು ನೋಡಿದರೆ ಉತ್ತರ ಸಿಗುತ್ತದೆ. ಓವನ್‌ನಿಂದ ತೆಗೆದ ಪ್ಲೇಟು ಮೇಜಿನ ಮೇಲೆ ತೆರೆದೇ ಇರುತ್ತದೆ. ವಿಶ್ಲೇಷಕರು ಅದರ ಮೇಲೆ ಬಾಗಿ, ಸೂಜಿಯ ತುದಿಯಿಂದ ಒಂದೊಂದೇ ಹನಿ ಇಟ್ಟು, ಒಣಗುವವರೆಗೆ ಕಾದು, ಮತ್ತೆ ಹನಿ ಇಡುತ್ತಾರೆ. ಮುಖ ಪ್ಲೇಟಿನಿಂದ ಒಂದು ಗೇಣು ದೂರದಲ್ಲಿ, ನಡುಭಾಗದ ನೇರಕ್ಕೆ ಇರುತ್ತದೆ. ಪೂರ್ತಿ ಒಣಗಿದ ಸಿಲಿಕಾ ಗಾಳಿಗೆ ತೆರೆದ ಕೆಲವೇ ನಿಮಿಷಗಳಲ್ಲಿ ತಾನು ಹೀರಬಲ್ಲ ತೇವದ ಬಹುಪಾಲನ್ನು ಹೀರಿಕೊಂಡುಬಿಡುತ್ತದೆ. ಉಸಿರಿನಲ್ಲಂತೂ ತೇವ ತುಂಬಿರುತ್ತದೆ. ಸ್ಪಾಟ್ ಹಾಕಿ ಮುಗಿಸುವ ಹೊತ್ತಿಗೆ ಪ್ಲೇಟಿನ ನಡುಭಾಗ ಒಂದು ಥರ, ಅಂಚು ಇನ್ನೊಂದು ಥರ ಆಗಿರುತ್ತಿತ್ತು. ಹೊರಗೆ ತೇವ ಜಾಸ್ತಿ ಇದ್ದ ದಿನ ಇಡೀ ಪ್ಲೇಟೇ ಬೇರೆಯಾಗಿರುತ್ತಿತ್ತು. ಓವನ್‌ನಲ್ಲಿ ಹೆಚ್ಚು ಒಣಗಿಸಿದಷ್ಟೂ ಪ್ಲೇಟಿನ ದಾಹ ಹೆಚ್ಚುತ್ತದೆ, ಮೇಜಿನ ಮೇಲೆ ಅದು ಬದಲಾಗುವ ವೇಗವೂ ಹೆಚ್ಚುತ್ತದೆ. ರಾತ್ರಿಯಿಡೀ ಒಣಗಿಸಿದ್ದು ಏಕೆ ಏರುಪೇರನ್ನು ಹೆಚ್ಚಿಸಿತು ಎಂಬುದಕ್ಕೆ ಇದೇ ಉತ್ತರ. ಓವನ್ ಬಿಸಿ 200 ಡಿಗ್ರಿಯತ್ತ ಹೋಗಿದ್ದರೆ ಸಿಲನಾಲ್‌ಗಳೇ ಒಂದಕ್ಕೊಂದು ಸೇರಿಕೊಂಡು ಸಿಲಿಕಾದ ಸ್ವಭಾವವೇ ಬದಲಾಗುತ್ತಿತ್ತು. ಸದ್ಯ, ಅಷ್ಟು ದೂರ ಹೋಗಿರಲಿಲ್ಲ.

ಊಹೆ ಸರಿಯೋ ಎಂದು ತಿಳಿಯಲು ಸುಲಭದ ಪರೀಕ್ಷೆ ಇದೆ. ಒಂದೇ ಪ್ಲೇಟನ್ನು ಗಾಜು ಕೊಯ್ಯುವ ಕಡ್ಡಿಯಿಂದ ಎರಡು ಮಾಡಿದರು. ಒಂದು ಅರ್ಧವನ್ನು ಮೇಜಿನ ಮೇಲೆ ತೆರೆದಿಟ್ಟರು. ಇನ್ನೊಂದನ್ನು ತೇವ ತಾಗದ ಮುಚ್ಚಿದ ಪಾತ್ರೆಯಾದ ಡೆಸಿಕೇಟರ್‌ನಲ್ಲಿಟ್ಟು, ಸ್ಪಾಟ್ ಹಾಕುವಾಗ ಶುರುವಿನ ಗೆರೆ ಮಾತ್ರ ಬಿಟ್ಟು ಉಳಿದ ಭಾಗದ ಮೇಲೆ ಸ್ವಚ್ಛವಾದ ಗಾಜಿನ ಹಲಗೆ ಮುಚ್ಚಿದರು. ಎರಡನ್ನೂ ಒಂದೇ ಟ್ಯಾಂಕಿನಲ್ಲಿ, ಒಂದೇ ಸಲ ಓಡಿಸಿದರು. ತೆರೆದಿಟ್ಟ ಅರ್ಧದಲ್ಲಿ ಬಿ1, ಬಿ2 ಮೇಲೆ ಹೋಗಿ ಅಂಟಿಕೊಂಡವು. ಮುಚ್ಚಿದ ಅರ್ಧದಲ್ಲಿ ನಾಲ್ಕೂ ಬೇರೆ ಬೇರೆಯಾಗಿ ನಿಂತವು, ಸಾಲೂ ನೇರವಾಗಿತ್ತು. ಸಿಲಿಕಾ ಒಂದೇ, ದ್ರಾವಕ ಒಂದೇ. ಬೇರೆ ಇದ್ದದ್ದು ತೇವ ಮಾತ್ರ.

ಇಲ್ಲಿ ನನ್ನ ಅಭಿಪ್ರಾಯ ಸ್ಪಷ್ಟವಾಗಿ ಹೇಳಬೇಕು. ಪ್ಲೇಟು ಎಲುಬು ಒಣಗಿದ ಹಾಗೆ ಇರಬೇಕೆಂದು ಹಟ ಹಿಡಿಯುವುದರಲ್ಲಿ ಅರ್ಥವಿಲ್ಲ. ಎಷ್ಟೇ ಒಣಗಿಸಿದರೂ ಸ್ಪಾಟ್ ಹಾಕುವಷ್ಟರಲ್ಲಿ ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಬೇಕಾಗಿರುವುದು ಪ್ರತಿದಿನ, ಪ್ರತಿ ಪ್ಲೇಟಿನಲ್ಲಿ, ಪ್ಲೇಟಿನ ಉದ್ದಗಲಕ್ಕೂ ಒಂದೇ ಮಟ್ಟದ ತೇವ. ಇದಕ್ಕೆ ಅಗ್ಗದ ದಾರಿ ಇದೆ. ಮ್ಯಾಗ್ನೀಸಿಯಂ ಕ್ಲೋರೈಡನ್ನು ಇನ್ನು ಕರಗದು ಎನ್ನುವಷ್ಟು ನೀರಿನಲ್ಲಿ ಕರಗಿಸಿ, ತಳದಲ್ಲಿ ಸ್ವಲ್ಪ ಉಪ್ಪು ಉಳಿದಿರುವಂತೆ ಒಂದು ಮುಚ್ಚಿದ ಪೆಟ್ಟಿಗೆಯಲ್ಲಿಟ್ಟರೆ, ಒಳಗಿನ ಗಾಳಿಯ ತೇವ 25 ಡಿಗ್ರಿಯಲ್ಲಿ ಸುಮಾರು ಶೇಕಡಾ 33ರಲ್ಲಿ ನಿಂತುಬಿಡುತ್ತದೆ. ಅಡುಗೆ ಉಪ್ಪಿನ ದ್ರಾವಣ ಇಟ್ಟರೆ ಅದು ಶೇಕಡಾ 75 ಆಗುತ್ತದೆ, ಅದು ಇಲ್ಲಿಗೆ ಜಾಸ್ತಿ. ಸ್ಪಾಟ್ ಹಾಕಿದ ಪ್ಲೇಟನ್ನು ಆ 33ರ ಪೆಟ್ಟಿಗೆಯಲ್ಲಿ ಕತ್ತಲಲ್ಲಿ ಸ್ವಲ್ಪ ಹೊತ್ತು ಇಟ್ಟು, ತಕ್ಷಣ ಟ್ಯಾಂಕಿಗೆ ಇಳಿಸಿದರೆ ಹೊರಗೆ ಮಳೆಯೋ ಬಿಸಿಲೋ ಪ್ಲೇಟಿಗೆ ಗೊತ್ತಾಗುವುದಿಲ್ಲ. ಕತ್ತಲು ಏಕೆಂದರೆ ಸಿಲಿಕಾದ ಮೇಲೆ ಹರಡಿದ ಅಫ್ಲಾಟಾಕ್ಸಿನ್ ಬೆಳಕಿಗೆ ಕೆಡುತ್ತದೆ. ಓಡಿಸಿದ ಮೇಲೂ ಯುವಿ ದೀಪದ ಕೆಳಗೆ ಹೊತ್ತು ಕಳೆಯಬಾರದು.

ಲ್ಯಾಬು ಈಗ ಹೀಗೇ ಮಾಡುತ್ತಿದೆ. ಓವನ್ ಮತ್ತೆ 110 ಡಿಗ್ರಿ, ಒಂದು ಗಂಟೆಗೆ ಮರಳಿತು. ಅಸಿಟೋನನ್ನು ಒಮ್ಮೆ ಹೊಂದಿಸಿದರು. ಸಿಲಿಕಾದ ಹೊಸ ಡಬ್ಬಿ ತೆರೆದಾಗ ಮಾತ್ರ ಮತ್ತೆ ನೋಡುತ್ತಾರೆ.

ನೀಲಿ ಹಿನ್ನೆಲೆ

ಇದನ್ನು ಕಂಡುಹಿಡಿದವರು ಪ್ಲೇಟು ತಯಾರಿಸುವ ತಂತ್ರಜ್ಞೆ. ಓಡಿಸಿದ ಪ್ಲೇಟುಗಳನ್ನೇ ಎಲ್ಲರೂ ನೋಡುತ್ತಿದ್ದಾಗ ಅವರು ಡೆಸಿಕೇಟರ್‌ನಿಂದ ಹೊಸ ಪ್ಲೇಟೊಂದನ್ನು ತೆಗೆದು ದೀಪದ ಕೆಳಗೆ ಹಿಡಿದರು. "ಸರ್, ಇದಕ್ಕೆ ಇನ್ನೂ ಏನೂ ಹಾಕಿಲ್ಲ. ಇದ್ರಲ್ಲೂ ನೀಲಿ ಕಾಣ್ತಿದೆ ನೋಡಿ" ಎಂದರು. ನೀಲಿ ಎಲ್ಲ ಕಡೆ ಸಮನಾಗಿರಲಿಲ್ಲ. ಅಡ್ಡಡ್ಡ ಪಟ್ಟೆಗಳಾಗಿತ್ತು, ಯಾರೋ ಬಟ್ಟೆಯಿಂದ ಒರೆಸಿದ ದಿಕ್ಕಿನಲ್ಲಿ.

"ಗಾಜು ಒರೆಸಿದ್ದು ಯಾವ ಬಟ್ಟೇಲಿ?" ಎಂದು ಹಿರಿಯ ವಿಶ್ಲೇಷಕರು ಕೇಳಿದರು. ಅದೇ ಮಾಮೂಲಿ ಹತ್ತಿ ಬಟ್ಟೆ. ಆದರೆ ಇತ್ತೀಚೆಗೆ ಅದನ್ನು ಬಟ್ಟೆ ಒಗೆಯುವ ಪುಡಿಯಲ್ಲಿ ತೊಳೆಯುತ್ತಿದ್ದರು. ಬಟ್ಟೆ ಬೆಳ್ಳಗೆ ಕಾಣಲೆಂದು ಇಂಥ ಪುಡಿಗಳಲ್ಲಿ ಬೆಳಗುಕಾರಕ ಸೇರಿಸಿರುತ್ತಾರೆ. ಯುವಿ ಬೆಳಕನ್ನು ಹೀರಿ ನೀಲಿಯಾಗಿ ಹೊಳೆಯುವುದೇ ಅದರ ಕೆಲಸ. ಬಿಳಿ ಕಾಗದದ ಟಿಶ್ಯೂಗಳಲ್ಲೂ ಇದು ಇರಬಹುದು. ಬಟ್ಟೆಯಿಂದ ಗಾಜಿಗೆ ಬಂದದ್ದು ಒದ್ದೆ ಸ್ಲರಿಯಲ್ಲಿ (ನೀರಿನಲ್ಲಿ ಕಲಸಿದ ಸಿಲಿಕಾ) ಕರಗಿ, ಒಣಗುವಾಗ ನೀರಿನ ಜೊತೆ ಪದರದ ಮೇಲ್ಮೈಗೆ ಬಂದು ಕೂತಿತ್ತು. ಅಫ್ಲಾಟಾಕ್ಸಿನ್ ಬಿ1 ಹೊಳೆಯುವುದೂ ನೀಲಿಯಾಗಿಯೇ, ಅದೇ ದೀಪದ ಕೆಳಗೆ. ಈ ಪರೀಕ್ಷೆಗೆ ಇದಕ್ಕಿಂತ ಕೆಟ್ಟ ಕೊಳೆ ಇನ್ನೊಂದಿಲ್ಲ.

ಗುರುತಿಸುವುದು ಮಾತ್ರ ಸುಲಭ. ಅಫ್ಲಾಟಾಕ್ಸಿನ್ ದ್ರಾವಕದ ಜೊತೆ ಮೇಲೇರುತ್ತದೆ, ಈ ಪಟ್ಟೆ ಇದ್ದಲ್ಲೇ ಇರುತ್ತದೆ. ಸ್ಪಾಟ್ ನಿಜಕ್ಕೂ ಬಿ1 ಹೌದೋ ಅಲ್ಲವೋ ಎಂಬ ಅನುಮಾನ ಉಳಿದರೆ ನೀರು ಬೆರೆಸಿದ ಸಲ್ಫ್ಯೂರಿಕ್ ಆಮ್ಲ ಸಿಂಪಡಿಸಬಹುದು, ಅಫ್ಲಾಟಾಕ್ಸಿನ್ ಆಗಿದ್ದರೆ ಹೊಳಪು ಹಳದಿಗೆ ತಿರುಗುತ್ತದೆ. ಹಳದಿಗೆ ತಿರುಗದಿದ್ದರೆ ಅದು ಅಫ್ಲಾಟಾಕ್ಸಿನ್ ಅಲ್ಲವೇ ಅಲ್ಲ. ತಿರುಗಿದ ಮಾತ್ರಕ್ಕೆ ಪೂರ್ತಿ ಸಾಬೀತಾಯಿತು ಎಂದೂ ಅಲ್ಲ, ಹಾಗೆ ತಿರುಗುವ ಬೇರೆ ವಸ್ತುಗಳೂ ಇರಬಹುದು.

ಪರಿಹಾರಕ್ಕೆ ಹೆಚ್ಚು ಹೇಳುವುದೇನಿಲ್ಲ. ಗಾಜನ್ನು ತೊಳೆದು, ಶುದ್ಧ ನೀರಿನಲ್ಲಿ ಚೆನ್ನಾಗಿ ಜಾಲಾಡಿಸಿ, ನಿಲ್ಲಿಸಿ ಒಣಗಿಸುತ್ತಾರೆ. ಒರೆಸುವುದನ್ನೇ ಬಿಟ್ಟರು. ಗಾಜಿನ ಮೇಲೆ ನೀರು ಹನಿಹನಿಯಾಗದೆ ಹಾಳೆಯಂತೆ ಹರಡಿ ಇಳಿದರೆ ಜಿಡ್ಡು ಹೋಗಿದೆ ಎಂದು ಲೆಕ್ಕ. ಪ್ರತಿ ಬ್ಯಾಚಿನಿಂದ ಒಂದು ಪ್ಲೇಟನ್ನು ಏನೂ ಹಾಕದೆ ದೀಪದ ಕೆಳಗೆ ನೋಡುತ್ತಾರೆ. ಆಮೇಲೆ ಬರೀ ದ್ರಾವಕದಲ್ಲಿ ಓಡಿಸಿ ಮತ್ತೊಮ್ಮೆ ನೋಡುತ್ತಾರೆ.

ಉದುರುವ ಪುಡಿ

ಉದುರುತ್ತಿದ್ದ ಪ್ಲೇಟುಗಳ ಗುರುತು ಹಾಳೆಯಲ್ಲಿ ಬರೆದಿಟ್ಟಿದ್ದರು. ಅವೆಲ್ಲ ಬಹುಪಾಲು ಆಯಾ ಬ್ಯಾಚಿನ ಕೊನೆಯ ಪ್ಲೇಟುಗಳೇ. ಇಷ್ಟು ಗೊತ್ತಾದರೆ ಸಾಕು, ಕಾರಣ ಸ್ಲರಿಯಲ್ಲಿದೆ ಎಂದು ತಿಳಿಯುತ್ತದೆ.

ಸಿಲಿಕಾ ಜೆಲ್ ಜಿ ಎಂದರೆ ಅದರಲ್ಲಿ ಅಂಟಿಗೆ ಸುಮಾರು ಶೇಕಡಾ 13 ಜಿಪ್ಸಮ್ ಇರುತ್ತದೆ. 1950ರ ದಶಕದಲ್ಲಿ ಜರ್ಮನಿಯ ವಿಜ್ಞಾನಿ ಎಗಾನ್ ಸ್ಟಾಲ್ ಟಿಎಲ್‌ಸಿಯನ್ನು ಎಲ್ಲರೂ ಒಂದೇ ರೀತಿ ಮಾಡುವಂತೆ ಒಂದು ಕ್ರಮಕ್ಕೆ ತಂದಾಗ ಬಳಕೆಗೆ ತಂದದ್ದು ಇದೇ ಬಗೆಯ ಸಿಲಿಕಾ. 30 ಗ್ರಾಂ ಪುಡಿಗೆ ಸುಮಾರು 60 ಮಿಲಿಲೀಟರ್ ನೀರು ಹಾಕಿ ಮುಚ್ಚಳ ಇರುವ ಫ್ಲಾಸ್ಕಿನಲ್ಲಿ ಕಲಸಿದರೆ 20 ಸೆಂಟಿಮೀಟರ್ ಚೌಕದ ಐದು ಪ್ಲೇಟುಗಳಿಗೆ 0.25 ಮಿಲಿಮೀಟರ್ ದಪ್ಪದಲ್ಲಿ ಸಾಕಾಗುತ್ತದೆ. ಆದರೆ ನೀರು ತಾಗಿದ ಕ್ಷಣದಿಂದ ಜಿಪ್ಸಮ್ ಗಟ್ಟಿಯಾಗತೊಡಗುತ್ತದೆ. ಕಲಸುವುದು, ಗಾಜಿನ ಮೇಲೆ ಪದರ ಎಳೆಯುವ ಸ್ಪ್ರೆಡರ್‌ಗೆ ಸುರಿಯುವುದು, ಎಳೆಯುವುದು ಎಲ್ಲ ಸೇರಿ ಮೂರ್ನಾಲ್ಕು ನಿಮಿಷದಲ್ಲಿ ಮುಗಿಯಬೇಕು. ಎಳೆಯುವಾಗ ನಡುವೆ ನಿಲ್ಲಿಸಬಾರದು. ನಿಂತ ಜಾಗದಲ್ಲಿ ಒಂದು ದಿಣ್ಣೆ ಏಳುತ್ತದೆ, ಪ್ಲೇಟನ್ನು ಬೆಳಕಿಗೆ ಹಿಡಿದರೆ ಅದು ಕಪ್ಪು ಗೆರೆಯಾಗಿ ಕಾಣುತ್ತದೆ.

ಇಲ್ಲಿ ಆಗುತ್ತಿದ್ದದ್ದು ಏನೆಂದರೆ, ಸ್ಪ್ರೆಡರ್ ಕೊನೆಯ ಪ್ಲೇಟಿಗೆ ಬರುವಷ್ಟರಲ್ಲಿ ಸ್ಲರಿ ಬಿಗಿಯಾಗುತ್ತಿತ್ತು. ಹಾಳಾಗಬಾರದೆಂದು ಸ್ವಲ್ಪ ನೀರು ಬೆರೆಸಿ ತೆಳು ಮಾಡಿ ಎಳೆಯುತ್ತಿದ್ದರು. ಕೈಗೆ ಅದು ಮೊದಲಿನ ಹದಕ್ಕೇ ಬಂದಂತೆ ಅನಿಸುತ್ತದೆ. ಆದರೆ ಒಮ್ಮೆ ಹೆಣೆಯಲು ಶುರುವಾದ ಜಿಪ್ಸಮ್ ಹರಳುಗಳನ್ನು ಕಲಕಿ ಬಿಡಿಸಿದರೆ ಅವು ಮತ್ತೆ ಅಷ್ಟು ಗಟ್ಟಿಯಾಗಿ ಹಿಡಿಯುವುದಿಲ್ಲ. ಒಣಗಿದ ಮೇಲೆ ಪದರ ತೆಳುವಾಗಿ, ಪುಡಿಪುಡಿಯಾಗಿ ಉಳಿಯುತ್ತದೆ. ಅಲ್ಲಿ ಸ್ಪಾಟಿನ ಹೊಳಪೂ ಬೇರೆಯಾಗುತ್ತದೆ, ಸೂಜಿ ತಾಗಿದ ಕಡೆ ಗುಳಿ ಬಿದ್ದು ಸ್ಪಾಟಿನ ಆಕಾರವೂ ಕೆಡುತ್ತದೆ.

ಈಗ ಅವರು ಕಡಿಮೆ ಸ್ಲರಿ ಕಲಸಿ, ಕಡಿಮೆ ಪ್ಲೇಟುಗಳನ್ನು ಎಳೆಯುತ್ತಾರೆ. ಉಳಿದ ಸ್ಲರಿಯನ್ನು ಎಸೆಯುತ್ತಾರೆ. ಎಳೆದ ಪ್ಲೇಟಿನ ಮೇಲಿನ ಒದ್ದೆ ಹೊಳಪು ಪೂರ್ತಿ ಹೋಗಿ ಮೈ ಮಂಕಾಗುವವರೆಗೆ ಮುಟ್ಟದೆ ಮಟ್ಟಸವಾದ ಮೇಜಿನ ಮೇಲೆ ಬಿಡುತ್ತಾರೆ, ಆಮೇಲೆ ಓವನ್. ಪುಡಿ ತೂಗುವುದು ಗಾಳಿಯನ್ನು ಹೊರಗೆಳೆಯುವ ಹುಡ್‌ನ ಒಳಗೆ ಮಾತ್ರ. ಈ ನುಣ್ಣನೆ ಸಿಲಿಕಾ ಶ್ವಾಸಕೋಶಕ್ಕೆ ಹೋಗಬಾರದು.

ಹುಡ್ ಮಾತು ಬಂದಿದ್ದರಿಂದ ಇನ್ನೊಂದು. ಬಳಸಿದ ಪ್ಲೇಟುಗಳಲ್ಲಿನ ವಿಷ ಅಳಿಸಲು ಬ್ಲೀಚ್‌ನಲ್ಲಿ ಅದ್ದುತ್ತಾರೆ. ಅದಕ್ಕೂ ಮೊದಲು ದ್ರಾವಕ ಹುಡ್‌ನಲ್ಲಿ ಸಂಪೂರ್ಣ ಆವಿಯಾಗಿರಬೇಕು. ಕ್ಲೋರೋಫಾರ್ಮ್ ಮತ್ತು ಅಸಿಟೋನ್ ಕೂಡಿದ್ದಾಗ ಕ್ಷಾರ ಬಿದ್ದರೆ ಜೋರಾಗಿ ಬಿಸಿಯಾಗಿ ಸಿಡಿಯಬಹುದು. ಬ್ಲೀಚ್ ಕ್ಷಾರವೇ ಅಲ್ವಾ? ಟ್ಯಾಂಕಿನಲ್ಲಿ ಉಳಿದ ದ್ರಾವಕವನ್ನು ಯಾವ ಕಾರಣಕ್ಕೂ ಬ್ಲೀಚ್ ಇರುವ ಡಬ್ಬಿಗೆ ಸುರಿಯಬಾರದು. ಈ ಎಚ್ಚರಿಕೆಯನ್ನು ಲ್ಯಾಬು ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿದೆ, ಒಳ್ಳೆಯದೇ ಮಾಡಿದೆ.

ಉಳಿದದ್ದು ಹಳೆಯ ವರದಿಗಳ ವಿಷಯ. ಪ್ಲೇಟು ಸರಿಯಾದ ಮೇಲೆ ಅದನ್ನು ಮರೆತು ಮುಂದೆ ಹೋಗುವುದು ಸುಲಭವಿತ್ತು. ಹಾಗೆ ಮಾಡಲಿಲ್ಲ. ಕಣ್ಣಳತೆಯಲ್ಲಿ ಹೇಗಿದ್ದರೂ ಐದನೇ ಒಂದು ಪಾಲಿನಷ್ಟು ಹೆಚ್ಚುಕಮ್ಮಿ ಇದ್ದೇ ಇರುತ್ತದೆ. ಹಾಗಾಗಿ ಮಿತಿಯ ಆಚೀಚೆ ಇದ್ದ ಎಲ್ಲ ಮಾದರಿಗಳನ್ನೂ ಪಟ್ಟಿ ಮಾಡಿದರು. ಸಾರಗಳು ಕಂದು ಬಣ್ಣದ ಸೀಸೆಗಳಲ್ಲಿ ಫ್ರೀಜರಿನಲ್ಲಿದ್ದವು. ಅವನ್ನು ಹೊಸ ಪ್ಲೇಟುಗಳ ಮೇಲೆ ಮತ್ತೆ ಓಡಿಸಿದರು. ಈ ಸಲ ಮಾದರಿಯ ಸ್ಪಾಟ್ ಮೇಲೆಯೇ ಸ್ಟ್ಯಾಂಡರ್ಡ್ ಹಾಕಿದ ಒಂದು ಸ್ಪಾಟನ್ನೂ ಪಕ್ಕದಲ್ಲಿಟ್ಟರು. ಶೇಂಗಾದ ಎಣ್ಣೆ ಬಿ1ನ್ನು ಅದರ ಜಾಗದಿಂದ ಸರಿಸಿದರೆ ಅದರಲ್ಲಿ ಗೊತ್ತಾಗುತ್ತದೆ. ಸಂಖ್ಯೆ ಬದಲಾದ ಕಡೆ ತಿದ್ದಿದ ವರದಿ ಕಳಿಸಿದರು. ಸಾರ ಉಳಿದಿರದ ಮಾದರಿಗಳ ವರದಿಯನ್ನು ಹಿಂದಕ್ಕೆ ಪಡೆದು, ಆ ಲಾಟ್‌ಗಳಿಂದ ಹೊಸ ಮಾದರಿ ಕಳಿಸುವಂತೆ ಮಾಲೀಕರಿಗೆ ಬರೆದರು.